ಗೋವಾದ ಹಳೆ ಪತ್ರಗಳಲ್ಲಿನ ದುಡ್ಡಿನ ಲೆಕ್ಕ: ಹೊಸದಾಗಿ ಬಂದವರಿಗೆ

ಗೋವಾಕ್ಕೆ ಬಂದು ವಾಸ್ಕೊ, ಮಡಗಾಂವ್ ಕಡೆ ಕೆಲವು ವರ್ಷ ಬಾಡಿಗೆಗೆ ಇದ್ದು, ಆಮೇಲೆ ಒಂದು ಹಳೆ ಮನೆಯೋ ಜಾಗವೋ ಕೊಳ್ಳೋಣ ಅಂತ ಹೊರಡುವ ನಮ್ಮವರು ಒಂದು ಕಡೆ ಬಂದು ನಿಲ್ಲುತ್ತಾರೆ. ವಕೀಲರು ಹಳೆ ಕಾಗದದ ಕಟ್ಟು ಮುಂದಿಡುತ್ತಾರೆ. ಪೋರ್ಚುಗೀಸ್ ಭಾಷೆಯನ್ನು ಯಾರಾದರೂ ಓದಿ ಹೇಳಬಹುದು. ಆದರೆ ದುಡ್ಡಿನ ಲೆಕ್ಕ? ಒಂದರಲ್ಲಿ ರೂಪಿಯಾ, ಇನ್ನೊಂದರಲ್ಲಿ ಎಸ್ಕುಡೊ, ಇನ್ನೂ ಹಳೆಯದಾದರೆ ಟಾಂಗಾ, ಶೆರಾಫಿಂ. ಇದು ಗೊತ್ತಿಲ್ಲದಿದ್ದರೆ ಯಾರು ಏನು ಹೇಳಿದರೂ ತಲೆಯಾಡಿಸಬೇಕಾಗುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಮೊತ್ತ ನೋಡಬೇಡಿ, ಇಸವಿ ನೋಡಿ. ಎಲ್ಲಾ ಅದರ ಮೇಲೇ ನಿಂತಿದೆ.

ಇಸವಿ 1880ರಿಂದ 1958ರ ನಡುವಿನದಾದರೆ ನಿಮ್ಮ ಕೆಲಸ ಸುಲಭ. ಪೋರ್ಚುಗೀಸರೂ ಬ್ರಿಟಿಷರೂ 1878ರಲ್ಲಿ ಒಂದು ಒಪ್ಪಂದ ಮಾಡಿಕೊಂಡರು. ಗೋವಾದ ಉಪ್ಪಿನ ಮೇಲಿನ ಹಿಡಿತ ಬ್ರಿಟಿಷರಿಗೆ ಹೋಯಿತು, ಅದಕ್ಕೆ ಬದಲಾಗಿ ಗೋವಾ ಸರ್ಕಾರಕ್ಕೆ ವರ್ಷಕ್ಕೆ 4 ಲಕ್ಷ ರೂಪಾಯಿ. ನಮ್ಮ ಕ್ಯಾಸಲ್‌ರಾಕ್‌ನಿಂದ ಮುರ್ಮುಗಾಂವ್‌ಗೆ ಇಳಿಯುವ ರೈಲು ದಾರಿಯೂ ಆ ಒಪ್ಪಂದದ ಫಲವೇ. ಅದರ ಜೊತೆಗೇ ನಾಣ್ಯದ ಮಾತೂ ಆಯಿತು. ಗೋವಾದ ಬೆಳ್ಳಿ ರೂಪಿಯಾ ತೂಕದಲ್ಲೂ ಬೆಳ್ಳಿಯ ಗುಣದಲ್ಲೂ ಬ್ರಿಟಿಷ್ ಭಾರತದ ರೂಪಾಯಿಗೆ ಸರಿಸಮ ಆಯಿತು. ಒಂದು ರೂಪಿಯಾಕ್ಕೆ 16 ಟಾಂಗಾ, ನಮ್ಮಲ್ಲಿ ಒಂದು ರೂಪಾಯಿಗೆ 16 ಆಣೆ. ಅಂದರೆ ಟಾಂಗಾ ಅಂದರೆ ಆಣೆ ಅಂತಲೇ ಓದಿಕೊಳ್ಳಿ. ಒಂದು ಟಾಂಗಾಕ್ಕೆ 60 ರೇಯಿಸ್, ಒಂದು ಆಣೆಗೆ 12 ಪೈ, ಹಾಗಾಗಿ 5 ರೇಯಿಸ್‌ಗೆ ಒಂದು ಪೈ. 1940ರ ಪತ್ರದಲ್ಲಿ 3,000 ರೂಪಿಯಾ ಅಂತಿದ್ದರೆ ಅದು ಆಗಿನ 3,000 ರೂಪಾಯಿ, ಅಷ್ಟೇ.

ಜನ ಎಡವುವುದು ಎಸ್ಕುಡೊದಲ್ಲಿ. ಭಾರತ 1955ರಲ್ಲಿ ಗೋವಾದ ಮೇಲೆ ಆರ್ಥಿಕ ದಿಗ್ಬಂಧನ ಹಾಕಿತು, ವ್ಯಾಪಾರ ನಿಂತಿತು, ರೈಲೂ ನಿಂತಿತು. 1958ರಲ್ಲಿ ಪೋರ್ಚುಗೀಸ್ ಸರ್ಕಾರ ರೂಪಿಯಾವನ್ನೇ ತೆಗೆದು ಲಿಸ್ಬನ್ನಿನ ಎಸ್ಕುಡೊಗೆ ಸಮನಾದ ಎಸ್ಕುಡೊ ತಂದಿತು. ದರ: ಒಂದು ರೂಪಿಯಾಕ್ಕೆ 6 ಎಸ್ಕುಡೊ. ಈ ಆರು ಸುಮ್ನೆ ಬಂದದ್ದಲ್ಲ. ಆಗ ಒಂದು ಡಾಲರ್‌ಗೆ 28.75 ಎಸ್ಕುಡೊ, ನಮ್ಮ ರೂಪಾಯಿ ಲೆಕ್ಕದಲ್ಲಿ 4.76. ಭಾಗಿಸಿ ನೋಡಿ, ಆರಕ್ಕಿಂತ ಕೂದಲೆಳೆಯಷ್ಟು ಜಾಸ್ತಿ ಬರುತ್ತದೆ.

ನನಗೆ ಇಡೀ ಕಥೆಯಲ್ಲಿ ತುಂಬಾ ಇಷ್ಟವಾಗುವುದು ಆಗ ಬಂದ ನಾಣ್ಯಗಳು. 10, 30, 60 ಸೆಂಟಾವೊ (100 ಸೆಂಟಾವೊಗೆ ಒಂದು ಎಸ್ಕುಡೊ), ಆಮೇಲೆ 1, 3, 6 ಎಸ್ಕುಡೊ. ಮೂರು, ಆರರ ನಾಣ್ಯ ಯಾರು ಹಾಕಿಸುತ್ತಾರೆ ಹೇಳಿ? ಆದರೆ ರೂಪಾಯಿ ಪಕ್ಕದಲ್ಲಿಟ್ಟು ನೋಡಿದರೆ ಅರ್ಥವಾಗುತ್ತದೆ. 6 ಎಸ್ಕುಡೊ ಒಂದು ರೂಪಾಯಿ, 3 ಅಂದರೆ ಎಂಟಾಣೆ, 60 ಸೆಂಟಾವೊ ಅಂದರೆ 10 ನಯಾ ಪೈಸೆ, 30 ಅಂದರೆ 5 ಪೈಸೆ. ನೋಟುಗಳೂ ಹಾಗೇ, 30, 60, 300, 600 ಎಸ್ಕುಡೊ, ಅಂದರೆ 5, 10, 50, 100 ರೂಪಾಯಿ. ಹೆಸರು ಲಿಸ್ಬನ್ನಿನದಾದರೂ ಪೇಟೆಯ ಜನ ರೂಪಾಯಿಯಲ್ಲೇ ಲೆಕ್ಕ ಹಾಕುತ್ತಿದ್ದರು ಅನ್ನುವುದಕ್ಕೆ ಇದಕ್ಕಿಂತ ಒಳ್ಳೆ ಸಾಕ್ಷಿ ನನಗೆ ಕಾಣುವುದಿಲ್ಲ. ಈ ದುಡ್ಡು ಬಾಳಿದ್ದು ಬರೀ ಮೂರು ವರ್ಷ. 1961ರ ಡಿಸೆಂಬರ್ 19ಕ್ಕೆ ಗೋವಾ ಬಿಡುಗಡೆ ಆಯಿತು, ಎಸ್ಕುಡೊ ಹೋಗಿ ನಮ್ಮ ರೂಪಾಯಿ ಬಂತು.

ಹಾಗಾಗಿ 1960ರ ಪತ್ರದಲ್ಲಿ 18.000$00 ಅಂತ ಕಂಡರೆ ಗಾಬರಿಯಾಗಬೇಡಿ. ಅದು ಡಾಲರ್ ಅಲ್ಲ. ಪೋರ್ಚುಗೀಸರು ಎಸ್ಕುಡೊಗೂ ಸೆಂಟಾವೊಗೂ ನಡುವೆ ಆ ಗುರುತು ಹಾಕುತ್ತಿದ್ದರು, ಸಾವಿರ ಬೇರೆ ಮಾಡಲು ಚುಕ್ಕೆ ಇಡುತ್ತಿದ್ದರು. ಅದು ಹದಿನೆಂಟು ಸಾವಿರ ಎಸ್ಕುಡೊ. ಆರರಿಂದ ಭಾಗಿಸಿ, 3,000 ರೂಪಾಯಿ. ಕೆಲವರು ಇಂಟರ್‌ನೆಟ್ ನೋಡಿ ಒಂದು ಯೂರೊಗೆ 200.482 ಎಸ್ಕುಡೊ ಅಂತ ಹಿಡಿದು, ಅದನ್ನು ಇವತ್ತಿನ ರೂಪಾಯಿಗೆ ತಿರುಗಿಸುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಅದು ಪೋರ್ಚುಗಲ್ ಯೂರೊಗೆ ಸೇರಿದಾಗ, 1999ಕ್ಕೆ, ಗಟ್ಟಿಯಾದ ದರ. ನಡುವಿನ ನಲವತ್ತು ವರ್ಷಗಳಲ್ಲಿ ಎಸ್ಕುಡೊದ ಬೆಲೆ ಎಷ್ಟೋ ಕುಸಿದಿತ್ತು, ಗೋವಾದ ಕಾಗದಕ್ಕೂ ಅದಕ್ಕೂ ಸಂಬಂಧವೇ ಇಲ್ಲ.

ಇನ್ನು 1871ಕ್ಕಿಂತ ಹಳೆಯ ದಾಖಲೆ ಕೈಗೆ ಬಂದರೆ ಎಚ್ಚರ. ಆಗ ಒಂದು ರೂಪಿಯಾಕ್ಕೆ 600 ರೇಯಿಸ್, ಅಂದರೆ ಬರೀ 10 ಟಾಂಗಾ. 16 ಟಾಂಗಾ ಬಂದದ್ದು ಆಮೇಲೆ. ಶೆರಾಫಿಂ ಅಂದರೆ 300 ರೇಯಿಸ್, ಅರ್ಧ ರೂಪಿಯಾ. ಇನ್ನೂ ಹಿಂದಕ್ಕೆ ಹೋದರೆ ನಮ್ಮದೇ ದುಡ್ಡು ಸಿಗುತ್ತದೆ. ವಿಜಯನಗರದ ವರಹವನ್ನು ಪೋರ್ಚುಗೀಸರು ಪರ್ದಾವ್ ಅನ್ನುತ್ತಿದ್ದರು, 360 ರೇಯಿಸ್ ಅಂತ ಎಣಿಸುತ್ತಿದ್ದರು. ಗೋವಾದಲ್ಲಿ ಇಳಿದ ಕುದುರೆಗಳಿಗೆ ಹಂಪಿಯಿಂದ ಬರುತ್ತಿದ್ದದ್ದು ಇದೇ ಚಿನ್ನ.

ಇಲ್ಲಿನ ಹಿರಿಯರ ಜೊತೆ ಈ ವಿಷಯ ತೆಗೆದರೆ ಚಿನ್ನದ ಮಾತು ಬಂದೇ ಬರುತ್ತದೆ. ನೋಟು ಹೊರಡಿಸುತ್ತಿದ್ದ ಬಾಂಕೊ ನಾಸಿಯೊನಾಲ್ ಉಲ್ತ್ರಮರೀನೊದಲ್ಲಿ ಜನ ಒಡವೆ ಅಡವಿಟ್ಟಿದ್ದರು. ಬಿಡುಗಡೆಗೆ ಮುಂಚೆ ಅದು ಲಿಸ್ಬನ್‌ಗೆ ಹೋಯಿತು, ವಾಪಸ್ ಬಂದದ್ದು 1991ರಲ್ಲಿ. ಮೂವತ್ತು ವರ್ಷ ಕಾದ ಮನೆಗಳವರು ಅವರು. ಹಗುರವಾಗಿ ಮಾತಾಡಬೇಡಿ.

ಕೊನೆಗೊಂದು ಮಾತು, ಅಂಜುಣಾದ ಬುಧವಾರದ ಸಂತೆಯಲ್ಲಿ ಯಾರಾದರೂ ಹಳೆ ಎಸ್ಕುಡೊ ನಾಣ್ಯ ತೋರಿಸಿ ಬೆಳ್ಳಿ ಅಂದರೆ ನಂಬಬೇಡಿ. 1958, 1959ರ ಇಸವಿ ಇರುವ ಆ ನಾಣ್ಯಗಳಲ್ಲಿ ಬೆಳ್ಳಿ ಇಲ್ಲ. ಬೆಳ್ಳಿಯದು ಬೇಕಾದರೆ 1881, 1882ರ ರೂಪಿಯಾ ಹುಡುಕಿ, ತೂಕ ಹಾಕಿಸಿ ನೋಡಿ, 11.66 ಗ್ರಾಂ ಹತ್ತಿರ ಇರಬೇಕು.