ಗ್ರಾಫಿಕ್ಸ್ ಕಾರ್ಡ್ ಇಲ್ಲ, ಯುಪಿಎಸ್ ಇಲ್ಲ: ಎರಡು ಮಳೆಗಾಲ ದಾಟಿದ ನನ್ನ ಕಂಪ್ಯೂಟರ್

ನನ್ನದು ಯಕ್ಷಗಾನ ಆಟದ ವಿಡಿಯೋ ಮಾಡುವ ಕೆಲಸ. ಹೊನ್ನಾವರ, ಕುಮಟಾ, ಭಟ್ಕಳ ಸುತ್ತ ಎಲ್ಲಿ ಬಯಲಾಟ ಇದ್ದರೂ ಮೂರು ಕ್ಯಾಮೆರಾ ಹೊತ್ತು ಹೋಗುತ್ತೇನೆ. ಮೇಳಗಳ ತಿರುಗಾಟ ಮೇ ಕೊನೆಗೆ ಮುಗಿಯುತ್ತದೆ. ಎಡಿಟಿಂಗ್ ರಾಶಿ ಬೀಳುವುದು ಜೂನ್‌ನಿಂದ. ಅಂದರೆ ಕರೆಂಟು, ತೇವ, ಸಿಡಿಲು ಎಲ್ಲ ಕೆಟ್ಟಿರುವ ಹೊತ್ತಿನಲ್ಲೇ ಕಂಪ್ಯೂಟರ್‌ಗೆ ಜಾಸ್ತಿ ಕೆಲಸ. ಬಿಡಿಭಾಗ ಆರಿಸುವಾಗ ನನ್ನ ಲೆಕ್ಕ ಶುರುವಾಗಿದ್ದೇ ಇಲ್ಲಿಂದ. ಮೊದಲು ಗೋಡೆಯ ಪ್ಲಗ್, ಆಮೇಲೆ ಪವರ್ ಸಪ್ಲೈ, ಆಮೇಲೆ ಮದರ್‌ಬೋರ್ಡು. ಪ್ರೊಸೆಸರ್ ನಾಲ್ಕನೆಯದು. ಚಿತ್ರದ ಕೆಲಸಕ್ಕೆಂದೇ ಬೇರೆಯಾಗಿ ಹಾಕುವ ಗ್ರಾಫಿಕ್ಸ್ ಕಾರ್ಡ್ ಪಟ್ಟಿಯಲ್ಲೇ ಇಲ್ಲ.

ಯಾರೂ ಒಪ್ಪಲಿಲ್ಲ. ಹುಬ್ಬಳ್ಳಿಯಲ್ಲಿ ಇಂಜಿನಿಯರಿಂಗ್ ಓದುವ ಅಕ್ಕನ ಮಗ, "ಮಾವ, ಕಾರ್ಡ್ ಇಲ್ದೆ ಎಡಿಟಿಂಗ್ ಆಗೂದಿಲ್ಲ, ಸುಮ್ನೆ ದುಡ್ಡು ಹಾಳು" ಅಂದ. ಜೊತೆಗೆ ಕ್ಯಾಮೆರಾ ಹಿಡಿಯುವ ಗೆಳೆಯ, "ಎಂತ ಮಾರಾಯಾ, ಇನ್ವರ್ಟರ್ ಮೇಲೆ ಕಂಪ್ಯೂಟರ್ ಓಡಿಸ್ತೀಯಾ? ಸುಟ್ಟು ಹೋಗ್ತದೆ" ಅಂದ. 2024ರ ಬೇಸಿಗೆಯಲ್ಲಿ ಜೋಡಿಸಿದೆ. ಎರಡು ಮಳೆಗಾಲ ದಾಟಿತು, ಇನ್ನೂ ಕೈಕೊಟ್ಟಿಲ್ಲ.

ಹಿಂದಿನ ಮೆಷಿನ್ ಸತ್ತ ಕಥೆ ಮೊದಲು ಹೇಳುತ್ತೇನೆ. ಅಂಗಡಿಯಲ್ಲಿ ಕ್ಯಾಬಿನೆಟ್ ಜೊತೆಗೇ ಕೊಟ್ಟ ಪವರ್ ಸಪ್ಲೈ. ಮೇಲೆ 450 ವ್ಯಾಟ್ ಅಂತ ಚೀಟಿ, ಕೈಯಲ್ಲಿ ಹಿಡಿದರೆ ತೂಕವೇ ಇಲ್ಲ. ಅದು ಹೋಗುವಾಗ ಬೋರ್ಡನ್ನೂ ಹಾರ್ಡ್ ಡಿಸ್ಕನ್ನೂ ಕರೆದುಕೊಂಡು ಹೋಯಿತು. ಬಿಚ್ಚಿ ನೋಡಿದರೆ ರ್ಯಾಮ್ ಕಾಲಿನ ಚಿನ್ನದ ಬಣ್ಣದ ಮೇಲೆ ಹಸಿರು ಚುಕ್ಕಿ, ಹಿಂದಿನ ಯುಎಸ್‌ಬಿ ಕಿಂಡಿಗಳ ಅಂಚಿಗೆ ಕೆಂಪು ತುಕ್ಕು. ನಮ್ಮ ಮನೆಯಿಂದ ಶರಾವತಿ ಅಳಿವೆ ಕೂಗಳತೆ ದೂರ. ಉಪ್ಪು ಗಾಳಿಗೆ ಬಾಗಿಲ ಕೊಂಡಿಯೇ ಉಳಿಯುವುದಿಲ್ಲ, ಇನ್ನು ತಾಮ್ರದ ಗೆರೆ ಉಳಿಯುತ್ತದಾ? ಡಿಸ್ಕಲ್ಲಿದ್ದ ಎರಡು ಆಟ ಹೋದವು. ವಿಡಿಯೋ ಮಾಡಿಸಿದ ಪಾರ್ಟಿಗೆ ಮುಂಗಡ ವಾಪಸ್ ಕೊಟ್ಟೆ. ಅದೇ ಹದಿನೈದು ಸಾವಿರದ ಹತ್ತಿರ.

ಹಾಗಾಗಿ ಹೊಸದಕ್ಕೆ ಮೊದಲು ಖರ್ಚು ಮಾಡಿದ್ದು ಅರ್ಥಿಂಗ್‌ಗೆ. ಕ್ಯಾಬಿನೆಟ್ ಮುಟ್ಟಿದರೆ ಬೆರಳಿಗೆ ಜುಮ್ ಅನ್ನುತ್ತದೆ ಅಲ್ವಾ? ನಮ್ಮ ಕಡೆ ಸುಮಾರು ಮನೆಗಳಲ್ಲಿ ಇದೆ. ಪವರ್ ಸಪ್ಲೈ ಒಳಗಿನ ಫಿಲ್ಟರ್ ಕೆಪಾಸಿಟರ್ ಮೂಲಕ ಸ್ವಲ್ಪ ಕರೆಂಟು ಕವಚಕ್ಕೆ ಬರುತ್ತದೆ. ಅರ್ಥ್ ಸರಿ ಇದ್ದರೆ ನೆಲಕ್ಕೆ ಹೋಗುತ್ತದೆ. ಇಲ್ಲದಿದ್ದರೆ ಕವಚದಲ್ಲೇ ನಿಲ್ಲುತ್ತದೆ. ಮೀಟರ್ ಹಿಡಿದೆ. ಫೇಸ್–ನ್ಯೂಟ್ರಲ್ 220 ಇದ್ದರೆ ಫೇಸ್–ಅರ್ಥ್ 150ರ ಆಸುಪಾಸು ತೋರಿಸಿತು. ಅಂಗಳವೆಲ್ಲ ಚಿರೇಕಲ್ಲು, ಅಂದರೆ ಜಂಬಿಟ್ಟಿಗೆ. ಬೇಸಿಗೆಯಲ್ಲಿ ಒಣಗಿದರೆ ಕರೆಂಟು ಎಳೆಯುವುದಿಲ್ಲ. ಬಚ್ಚಲ ನೀರು ಹೋಗುವ ತೆಂಗಿನ ಬುಡದ ಹತ್ತಿರ ಹೊಸ ಗುಂಡಿ ತೆಗೆಸಿ, ಜಿಐ ಪೈಪು, ಇದ್ದಿಲು, ಉಪ್ಪು ಹಾಕಿಸಿದೆ. ಎಲೆಕ್ಟ್ರಿಶಿಯನ್ ಕೂಲಿ ಸೇರಿ ಮೂರು ಸಾವಿರದ ಮೇಲೆ ಸ್ವಲ್ಪ. ಆಮೇಲೆ ಎರಡೂ ಅಳತೆ ಹೆಚ್ಚುಕಡಿಮೆ ಒಂದೇ ಆಯಿತು. ಜೊತೆಗೆ ಇನ್ನೊಂದು ಲಾಭ. ಹೆಡ್‌ಫೋನಿನಲ್ಲಿ ಚಂಡೆಯ ಹಿಂದೆ ಸದಾ ಗುಂಯ್ ಅನ್ನುತ್ತಿದ್ದ ಸದ್ದು ನಿಂತೇ ಹೋಯಿತು. ಅಲ್ಲಿಯವರೆಗೆ ಅದು ಮೈಕಿನ ದೋಷ ಅಂತ ಎಲ್ಲರೂ ಹೇಳುತ್ತಿದ್ದರು.

ಇನ್ನು ಯುಪಿಎಸ್, ಅಂದರೆ ಕರೆಂಟು ಹೋದರೂ ಕಂಪ್ಯೂಟರ್ ಆರದಂತೆ ಹಿಡಿಯುವ ಬ್ಯಾಟರಿ ಡಬ್ಬಿಯ ವಿಷಯ. ಸಂಜೆ ನಮ್ಮಲ್ಲಿ ವೋಲ್ಟೇಜ್ 170ಕ್ಕೆ ಇಳಿಯುತ್ತದೆ. ಆಗ ಕೆಲವು ಚಿಕ್ಕ ಯುಪಿಎಸ್‌ಗಳು ಟಕ್ ಟಕ್ ಅಂತ ಮತ್ತೆ ಮತ್ತೆ ಬ್ಯಾಟರಿಗೆ ಹಾರುತ್ತವೆ, ವರ್ಷದೊಳಗೆ ಬ್ಯಾಟರಿ ಮಟಾಷ್. ಮನೆಯಲ್ಲಿ ಪ್ಯೂರ್ ಸೈನ್‌ವೇವ್ (ಲೈನಿನ ಕರೆಂಟಿನಂಥದ್ದೇ ಅಲೆ ಕೊಡುವ) ಇನ್ವರ್ಟರ್, ದೊಡ್ಡ ಟ್ಯೂಬ್ಯುಲರ್ ಬ್ಯಾಟರಿ ಹೇಗೂ ಇತ್ತು. ಹಿಂದೆ ಒಂದು ಸ್ವಿಚ್ ಇರುತ್ತದೆ, ಯುಪಿಎಸ್ ಮೋಡ್ ಅಂತ. ಅದರಲ್ಲಿಟ್ಟರೆ ಕರೆಂಟು ಹೋದಾಗ ಹತ್ತು ಮಿಲಿಸೆಕೆಂಡ್ ಆಸುಪಾಸಿನಲ್ಲಿ ಬ್ಯಾಟರಿಗೆ ಬರುತ್ತದೆ. ಒಳ್ಳೆಯ ಪವರ್ ಸಪ್ಲೈ ಕರೆಂಟಿಲ್ಲದೆ ಹದಿನಾರು ಮಿಲಿಸೆಕೆಂಡ್‌ನಷ್ಟು ಹೊತ್ತು ತಡೆಯುತ್ತದೆ, ಲೋಡ್ ಕಡಿಮೆ ಇದ್ದರೆ ಇನ್ನೂ ಜಾಸ್ತಿ. ನನ್ನ ಮೆಷಿನ್ ಎಳೆಯುವುದು ನೂರು–ನೂರೈವತ್ತು ವ್ಯಾಟ್. ಅದಕ್ಕೆ 550 ವ್ಯಾಟಿನ, ಬ್ರಾಂಜ್ ದರ್ಜೆಯ ಪವರ್ ಸಪ್ಲೈ ಹಾಕಿದೆ. "ಇಷ್ಟು ಕಡಿಮೆ ಲೋಡಿಗೆ ಅಷ್ಟು ದೊಡ್ಡದು ಯಾಕೆ" ಅಂತ ಕೇಳಿದವರಿಗೆ ಉತ್ತರ ಇದೇ. ಒಂದು ತೊಡಕು ಬಂತು. ಯುಪಿಎಸ್ ಮೋಡಿನಲ್ಲಿ ವೋಲ್ಟೇಜ್ 180ಕ್ಕಿಂತ ಕೆಳಗೆ ಬಂದರೆ ಇನ್ವರ್ಟರ್ ಬ್ಯಾಟರಿಗೆ ಹೋಗುತ್ತದೆ. ಸಂಜೆಯೆಲ್ಲ ಬ್ಯಾಟರಿ ಕರಗುತ್ತಿತ್ತು. ಇನ್ವರ್ಟರ್‌ಗಿಂತ ಮುಂಚೆ ಒಂದು ಸ್ಟೆಬಿಲೈಸರ್ ಕೂರಿಸಿದೆ, ಮೂರೂವರೆ ಸಾವಿರ. ಈಗ ಫ್ಯಾನು, ದೀಪ, ಕಂಪ್ಯೂಟರ್ ಎಲ್ಲಕ್ಕೂ ಅದೇ ಕಾವಲು. ಸಿಡಿಲಿಗೆ ಮಾತ್ರ ಪ್ಲಗ್ ಕಿತ್ತು ಇಡುತ್ತೇನೆ, ನೆಟ್ಟಿನ ತಂತಿಯನ್ನೂ. ಅದಕ್ಕೆ ಅಷ್ಟು ಖಾತ್ರಿಯ ಬೇರೆ ಮದ್ದಿಲ್ಲ.

ಪ್ರೊಸೆಸರ್ ಐ5-12400. ಕೊನೆಗೆ ಎಫ್ ಇಲ್ಲದ್ದು, ಅಂದರೆ ಗ್ರಾಫಿಕ್ಸ್ ಚಿಪ್ಪಿನೊಳಗೇ ಇರುವುದು. ಎಲ್ಲರೂ ಎರಡು–ಮೂರು ಸಾವಿರ ಉಳಿಸಲು 12400ಎಫ್ ತೆಗೆದುಕೊಂಡು, ಆಮೇಲೆ ಕಾರ್ಡಿಗೆ ಇಪ್ಪತ್ತು ಸಾವಿರ ಸುರಿಯುತ್ತಾರೆ. ನಮ್ಮ ಕೆಲಸದಲ್ಲಿ ಮೆಷಿನ್ ಬೆವರುವುದು ಮೂರು ಕ್ಯಾಮೆರಾದ ಫುಟೇಜ್ ಒಟ್ಟಿಗೆ ಬಿಚ್ಚುವಾಗ. ಅದನ್ನು ಇಂಟೆಲ್ ಚಿಪ್ಪಿನೊಳಗೆ ವಿಡಿಯೋ ಕೆಲಸಕ್ಕೆಂದೇ ಇರುವ ಕ್ವಿಕ್ ಸಿಂಕ್ ಅನ್ನುವ ಭಾಗ ಆರಾಮಾಗಿ ಮಾಡುತ್ತದೆ. ದೊಡ್ಡ ಕ್ಯಾಮೆರಾದವರು ತರುವ, ಬಣ್ಣದ ವಿವರ ಜಾಸ್ತಿ ಇರುವ 10 ಬಿಟ್ 4:2:2 ಎಚ್.265 ವಿಡಿಯೋ ಕೂಡ ಅದಕ್ಕೆ ಲೆಕ್ಕಕ್ಕಿಲ್ಲ. ಎನ್‌ವಿಡಿಯಾ ಕಾರ್ಡಿಗೆ ಆ ಶಕ್ತಿ ಬಂದಿದ್ದು 50 ಸೀರೀಸ್‌ನಲ್ಲಿ, ಅಂದರೆ 2025ರಲ್ಲಿ.

ಆದರೂ ಅಕ್ಕನ ಮಗನ ಸಮಾಧಾನಕ್ಕೆ ಒಂದು ಪ್ರಯೋಗ ಮಾಡಿದೆ. 2022ರ ಸೆಪ್ಟೆಂಬರ್‌ನಲ್ಲಿ ಇಥೀರಿಯಮ್ ಎಂಬ ಡಿಜಿಟಲ್ ಹಣದ ಮೈನಿಂಗ್ ನಿಂತ ಮೇಲೆ ಅದಕ್ಕೆ ಬಳಸುತ್ತಿದ್ದ ಹಳೆ ಕಾರ್ಡುಗಳು ಅಗ್ಗವಾದವು ಅಲ್ವಾ, ಅಂಥದ್ದೊಂದು ಆರ್‌ಎಕ್ಸ್ 580 ಆರು ಸಾವಿರಕ್ಕೆ ತಂದೆ. ಎಡಿಟಿಂಗ್ ಟೈಮ್‌ಲೈನಿನ ಓಟದಲ್ಲಿ ನನ್ನ ಕಣ್ಣಿಗೆ ವ್ಯತ್ಯಾಸ ಕಾಣಲಿಲ್ಲ. ಬಣ್ಣ ತಿದ್ದುವಾಗ ಸ್ವಲ್ಪ ಚುರುಕು. ಬದಲಿಗೆ ಕೋಣೆ ಬಿಸಿ, ಫ್ಯಾನಿನ ಕರಕರ, ಇನ್ವರ್ಟರ್ ಬ್ಯಾಟರಿ ಅರ್ಧ ಹೊತ್ತಿಗೇ ಖಾಲಿ. ಐದೂವರೆ ಸಾವಿರಕ್ಕೆ ಮಾರಿದೆ. ಗೇಮ್ ಆಡುವವರಿಗೆ, ಎಫೆಕ್ಟ್ ಜಾಸ್ತಿ ಹಾಕುವವರಿಗೆ ಕಾರ್ಡ್ ಬೇಕೇ ಬೇಕು, ಅದು ಬೇರೆ ಮಾತು.

ಬೋರ್ಡು ಬಿ660, ಡಿಡಿಆರ್4 ರ್ಯಾಮ್ ಹಿಡಿಯುವುದು. ಒಂಬತ್ತೂವರೆ ಸಾವಿರ. ಎಚ್610 ಬೋರ್ಡಿಗೆ ಮೂರು ಸಾವಿರ ಕಡಿಮೆ ಆಗುತ್ತಿತ್ತು, ಆದರೆ ರ್ಯಾಮಿಗೆ ಎರಡೇ ಕಿಂಡಿ, ಮುಂದೆ ಹೆಚ್ಚಿಸಲು ಜಾಗ ಇಲ್ಲ. ರ್ಯಾಮ್ ಹದಿನಾರು ಜಿಬಿಯ ಎರಡು ಕಡ್ಡಿ, ಐದೂವರೆ ಸಾವಿರ. ಒಂದು ಟಿಬಿಯ ವೇಗದ ಎನ್‌ವಿಎಂಇ ಎಸ್‌ಎಸ್‌ಡಿ ಐದೂವರೆ, ನಾಲ್ಕು ಟಿಬಿ ಹಾರ್ಡ್ ಡಿಸ್ಕ್ ಒಂಬತ್ತು. ಒಂದು ರಾತ್ರಿಯ ಆಟ ಮುನ್ನೂರು ಜಿಬಿ ತಿನ್ನುತ್ತದೆ, ಡಿಸ್ಕಲ್ಲಿ ಜಿಪುಣತನ ನಡೆಯುವುದಿಲ್ಲ. ಡಿಸ್ಕ್ ಎಸ್‌ಎಂಆರ್ (ಗೆರೆಯ ಮೇಲೆ ಗೆರೆ ಹೊದಿಸಿ ಬರೆಯುವ ಬಗೆ) ಆಗಿರಬಾರದು, ಒಂದೇ ಸಮ ಬರೆಯುವಾಗ ಅದು ನಿಂತು ನಿಂತು ನಡೆಯುತ್ತದೆ. ಪ್ರೊಸೆಸರ್ ಹದಿನಾಲ್ಕು, ಪವರ್ ಸಪ್ಲೈ ನಾಲ್ಕು, ಕ್ಯಾಬಿನೆಟ್ ಮೂರೂವರೆ. 2024ರ ದರದಲ್ಲಿ ಒಟ್ಟು ಐವತ್ತೊಂದು ಸಾವಿರ. ಅರ್ಥಿಂಗ್, ಸ್ಟೆಬಿಲೈಸರ್ ಬೇರೆ. ಬೋರ್ಡು, ಡಿಸ್ಕು ತಂದಿದ್ದು ಹುಬ್ಬಳ್ಳಿಯಿಂದ. ಅಂಗಡಿ ಯಾವುದು ಅಂತ ಕೇಳಬೇಡಿ. ಅಲ್ಲಿ ನನಗೆ ಸಿಗುವ ದರ ಎಲ್ಲರಿಗೂ ಗೊತ್ತಾದರೆ ನನಗೇ ಸಿಗುವುದಿಲ್ಲ. ಈಗ ಹೊಸದಾಗಿ ಜೋಡಿಸುವವರಿಗೆ ರ್ಯಾಮೇ ಹೊರೆ, 2025ರ ಕೊನೆಯಿಂದ ದರ ಆ ಪರಿ ಏರಿದೆ. ಹಳೆ ಮೆಷಿನ್ನಿನ ಡಿಡಿಆರ್4 ಕಡ್ಡಿ ಇದ್ದರೆ ರಬ್ಬರ್‌ನಲ್ಲಿ ಉಜ್ಜಿ ಎತ್ತಿಟ್ಟುಕೊಳ್ಳಿ.

ಎಂಟು ಗಂಟೆಯ ಆಟ ಈಗ ಎರಡೂವರೆ ಗಂಟೆಯಲ್ಲಿ ಎಕ್ಸ್‌ಪೋರ್ಟ್ ಆಗುತ್ತದೆ. ಹಿಂದೆ ರಾತ್ರಿ ಹಚ್ಚಿ ಮಲಗಿದರೆ ಬೆಳಿಗ್ಗೆಯೂ ಮುಗಿಯುತ್ತಿರಲಿಲ್ಲ, ನಡುವೆ ಕರೆಂಟು ಹೋದರೆ ಮೊದಲಿಂದ.

ತೇವಕ್ಕೆ ಏನೇನೋ ಮಾಡಿ ನೋಡಿದೆ. ಲೆನ್ಸಿಗೆ ಬೂಷ್ಟು ಹಿಡಿಯದಂತೆ ಇಡುವ ಸಿಲಿಕಾ ಜೆಲ್ ಪೊಟ್ಟಣವನ್ನು ಕ್ಯಾಬಿನೆಟ್ಟಿನಲ್ಲಿಟ್ಟೆ. ಫ್ಯಾನು ಹೊರಗಿನ ಗಾಳಿ ಎಳೆಯುತ್ತಲೇ ಇರುವಾಗ ಅದು ಎಷ್ಟು ಹೀರೀತು? ಎರಡು ದಿನದಲ್ಲಿ ಬಣ್ಣ ಬದಲಾಯಿತು. ಜೀರೋ ಬಲ್ಬ್ ಇಟ್ಟೆ, ಪರವಾಗಿಲ್ಲ, ಆದರೆ ತಂತಿಯ ರಗಳೆ. ಕೊನೆಗೆ ಕೆಲಸ ಮಾಡಿದ್ದು, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸಿಡಿಲಿಲ್ಲದ ಹೊತ್ತಲ್ಲಿ ಮೆಷಿನ್ ಆರಿಸದೇ ಇರುವುದು. ಒಳಗೆ ಹೊರಗಿಗಿಂತ ನಾಲ್ಕು ಡಿಗ್ರಿ ಬೆಚ್ಚಗಿದ್ದರೆ ಸಾಕು, ನೀರು ಕೂರುವುದಿಲ್ಲ. ಖಾಲಿ ಇದ್ದಾಗ ಮೂವತ್ತು ವ್ಯಾಟ್ ಎಳೆಯುತ್ತದೆ, ತಿಂಗಳಿಗೆ ಇಪ್ಪತ್ತು ಯೂನಿಟ್ ಚಿಲ್ಲರೆ. ಗೃಹಜ್ಯೋತಿ ಇದ್ದವರು ತಮ್ಮ ಮಿತಿ ದಾಟದಂತೆ ನೋಡಿಕೊಳ್ಳಿ.

ಬೋರ್ಡಿನ ಹಿಂಬದಿಗೆ ನಾನೊಂದು ಲೇಪ ಕೊಟ್ಟಿದ್ದೇನೆ. ಯಾವುದು, ಹೇಗೆ ಅಂತ ಈಗ ಹೇಳುವುದಿಲ್ಲ. ಮೊನ್ನೆ ಬಿಚ್ಚಿದಾಗ ಬೆಸುಗೆಗಳು ಹೊಸದರಂತೆ ಹೊಳೆಯುತ್ತಿದ್ದವು. ಗುಜರಿಯಿಂದ ಎರಡು ಹಳೆ ಬೋರ್ಡು ತಂದಿದ್ದೇನೆ. ಒಂದಕ್ಕೆ ಲೇಪ ಕೊಟ್ಟು, ಒಂದನ್ನು ಹಾಗೇ ಬಿಟ್ಟು, ಬರುವ ಜೂನ್‌ಗೆ ಎರಡನ್ನೂ ಹಿತ್ತಿಲ ಕಡೆಯ ಜಗಲಿಯಲ್ಲಿ ಇಡುತ್ತೇನೆ.