ಕವಿ ನಡೆದ ಕಾಲುದಾರಿ ಉಳಿಸುವ ಕಾಗದದ ಕೆಲಸ: ನನ್ನ ಅನುಭವ

ಸಾಹಿತಿಗಳು ಓಡಾಡಿದ ಕಾಲುದಾರಿಗೆ ಯಾರಾದರೂ ಬೇಲಿ ಹಾಕಿದರೆ ಜನ ಮೊದಲು ಸಹಿ ಸಂಗ್ರಹಕ್ಕೆ ಇಳಿಯುತ್ತಾರೆ, ಪತ್ರಿಕೆಗೆ ಬರೆಯುತ್ತಾರೆ. ಬರೆಯಲಿ. ಆದರೆ ತಹಶೀಲ್ದಾರರು ಕೇಳುವುದು ಒಂದೇ: ನಕಾಶೆಯಲ್ಲಿ ದಾರಿ ಇದೆಯೇ? ಕುಪ್ಪಳಿಯ ಕವಿಶೈಲಕ್ಕೆ ಪ್ರತಿಷ್ಠಾನವಿದೆ. ಅಷ್ಟು ಹೆಸರಾಗದ ಹಾದಿಗಳಿಗೆ ಕಂದಾಯ ದಾಖಲೆಯೇ ಗತಿ.

ಹಾಗಾಗಿ ನಾನು ಶುರು ಮಾಡುವುದು ಗ್ರಾಮ ನಕಾಶೆಯಿಂದ. ಒಂಟಿ ತುಂಡುಗೆರೆ ಕಾಲುದಾರಿ, ಜೋಡಿ ತುಂಡುಗೆರೆ ಬಂಡಿದಾರಿ. ಗೆರೆ ಯಾವ್ಯಾವ ಸರ್ವೆ ನಂಬರ್ ದಾಟುತ್ತದೋ ಅಷ್ಟಕ್ಕೂ ಮೂಲ ಟಿಪ್ಪಣಿ (ಮೊದಲ ಅಳತೆಯ ನಕ್ಷೆ), ಆಕಾರ್‌ಬಂದ್ (ವಿಸ್ತೀರ್ಣ, ಖರಾಬು, ಕಂದಾಯ ಬರೆದ ದಾಖಲೆ), ಪಹಣಿಯ ದೃಢೀಕೃತ ನಕಲು ಕೇಳಬೇಕು. ‘ಮೂಲ’ ಎಂದು ಅರ್ಜಿಯಲ್ಲೇ ಬರೆಯಿರಿ. ಪೋಡಿಯಾಗಿ, ಅಂದರೆ ಜಮೀನು ಭಾಗವಾಗಿ, ಹಿಸ್ಸಾ ಬಿದ್ದ ಮೇಲಿನ ಸ್ಕೆಚ್‌ನಲ್ಲಿ ದಾರಿಯ ಗೆರೆ ಬಿಟ್ಟುಹೋಗಿರುವುದುಂಟು; ಬೇಲಿ ಹಾಕಿದವರು ಹಿಡಿದು ಬರುವುದು ಅದನ್ನೇ. ದಿಶಾಂಕ್ ಆ್ಯಪ್ ಸ್ಥಳದಲ್ಲಿ ನಿಂತು ಸರ್ವೆ ನಂಬರ್ ಗುರುತಿಸಲು ಸಾಕು. ಮಲೆನಾಡಿನ ಮರದಡಿ ಅದು ಕೆಲವು ಮೀಟರ್ ಅತ್ತಿತ್ತ ತೋರಿಸುತ್ತದೆ, ಸಾಕ್ಷಿಯಾಗಿ ಇಡಬೇಡಿ.

ಆಕಾರ್‌ಬಂದ್‌ನಲ್ಲಿ ಕಣ್ಣು ಖರಾಬಿನ, ಅಂದರೆ ಕಂದಾಯದ ಲೆಕ್ಕದಿಂದ ಕಳೆದ ನೆಲದ, ಕಾಲಂ ಮೇಲಿರಲಿ. ‘ಅ’ ಖರಾಬು ಸಾಗುವಳಿಗೆ ಬಾರದ ನೆಲ. ‘ಬ’ ಖರಾಬು ದಾರಿ, ಹಳ್ಳದಂಥ ಸಾರ್ವಜನಿಕ ಬಳಕೆಯದು. ಸರ್ವೆ ಸರಪಳಿ 33 ಅಡಿ, ಅದಕ್ಕೆ 16 ಆಣೆ. 4 ಆಣೆ ಅಗಲದ, ಅಂದರೆ ಎಂಟೂಕಾಲು ಅಡಿಯ ದಾರಿ 4 ಸರಪಳಿ ಹೋದರೆ ಸರಿಯಾಗಿ ಒಂದು ಗುಂಟೆ. ನಕಾಶೆಯ ಉದ್ದಕ್ಕೆ ‘ಬ’ ಖರಾಬಿನ ಗುಂಟೆ ತಾಳೆಯಾದರೆ ಅರ್ಧ ಗೆದ್ದಂತೆ. ಆಗದಿದ್ದರೆ ಗಾಬರಿ ಬೇಡ, ಒಂಟಿ ಕಾಲುದಾರಿಗೆ ಎಷ್ಟೋ ಕಡೆ ಖರಾಬು ಕಳೆದೇ ಇರುವುದಿಲ್ಲ.

ದಾರಿ ಮೀಸಲು ಅರಣ್ಯ ಹೊಕ್ಕರೆ 1963ರ ಅರಣ್ಯ ಕಾಯ್ದೆಯ 17ನೇ ಕಲಮಿನ, ಅಂದರೆ ಮೀಸಲು ಅರಣ್ಯವೆಂದು ಘೋಷಿಸಿದ, ಅಧಿಸೂಚನೆ, ಅದರ ಜೊತೆಗಿನ ಹಕ್ಕುಗಳ ಪಟ್ಟಿ ತೆಗೆಸಿ, ದಾರಿಯ ಹಕ್ಕು ಅಲ್ಲಿದೆಯೇ ನೋಡಿ.

ಸಾಹಿತ್ಯ ಉಪಯೋಗಕ್ಕೆ ಬರುವುದು ಇದೆಲ್ಲ ಆದ ಮೇಲೆ, ಅದೂ ದಾರಿ ಹಳೆಯದು ಎಂದು ತೋರಿಸಲು. ಇಸವಿ, ಊರು, ಹಳ್ಳದ ಹೆಸರು ಇರುವ ದಿನಚರಿ, ಪತ್ರ, ಆತ್ಮಕಥೆಯ ಪುಟ ಚೆನ್ನ. ಕಾದಂಬರಿಯ ವರ್ಣನೆ ಎಷ್ಟೇ ಹೊಂದಿದರೂ ‘ಕಲ್ಪನೆ’ ಎಂದು ಒಂದೇ ಮಾತಿನಲ್ಲಿ ತಳ್ಳಿಹಾಕುತ್ತಾರೆ. ಜೊತೆಗೆ ಹಿರಿಯರ ಪ್ರಮಾಣಪತ್ರ (ಅಫಿಡವಿಟ್) ಬೇಕು: ಯಾವ ವರ್ಷದಿಂದ, ಎಲ್ಲಿಂದ ಎಲ್ಲಿಗೆ, ಯಾಕೆ ನಡೆದರು. ‘ಸಾಹುಕಾರರು ಒಪ್ಪಿದ್ದರಿಂದ ಓಡಾಡಿದೆವು’ ಎಂಬ ಸಾಲು ನುಸುಳಿದರೆ ಕೆಟ್ಟಿತು. ಅನುಮತಿಯ ಮೇಲೆ ನಡೆದದ್ದು ಹಕ್ಕಾಗುವುದಿಲ್ಲ. ಎಲ್ಲರದ್ದೂ ಒಂದೇ ಒಕ್ಕಣೆಯಾದರೂ ಅನುಮಾನ ಬರುತ್ತದೆ.

ಅರ್ಜಿಯಲ್ಲಿ 1964ರ ಭೂಕಂದಾಯ ಕಾಯ್ದೆಯ 67ನೇ ಕಲಂ ಉಲ್ಲೇಖಿಸಿ: ಸಾರ್ವಜನಿಕ ದಾರಿ ಸರ್ಕಾರದ ಸ್ವತ್ತು. ಅಡ್ಡಿ ತೆರವಿಗೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 152ನೇ ಕಲಂ ಇದೆ. ಭೂಕಂದಾಯ ಕಾಯ್ದೆಯ 68ನೇ ಕಲಂ ಮೇಲೂ ನಿಗಾ ಇರಲಿ, ‘ಜನರಿಗೆ ಬೇಡವಾದ ದಾರಿ’ ಎಂದು ಹಕ್ಕನ್ನೇ ರದ್ದುಮಾಡಿಸಲು ಬಳಸುವುದು ಅದನ್ನು. ಅದಕ್ಕಾಗಿಯೇ ಬೇಲಿ ಬಿದ್ದ ಮೇಲೂ ತೆರೆದಿರುವಷ್ಟು ದೂರ ಊರವರು ನಡೆಯುತ್ತಲೇ ಇರಬೇಕು. ಬೇಲಿಗೆ ಮಾತ್ರ ಕೈಹಚ್ಚಬೇಡಿ. ಕಿತ್ತವರ ಮೇಲೇ ಕೇಸು ಬಿದ್ದು ದಾರಿಯ ವಿಷಯ ಮೂಲೆಗೆ ಸರಿಯುತ್ತದೆ.

ಆದೇಶ ಬಂದಾಗ ಸರ್ವೆಯರ್ ಅಳೆದು ಕಲ್ಲು ನೆಡುವ ದಿನ ಪಂಚಾಯಿತಿಯವರು, ಅಕ್ಕಪಕ್ಕದ ಹಿಡುವಳಿದಾರರು ಸ್ಥಳದಲ್ಲಿರಲಿ, ಮಹಜರಿಗೆ ಎಲ್ಲರ ಸಹಿ ಬೀಳಲಿ. ‘ಅಭಿವೃದ್ಧಿ’ ಎಂಬ ಪದ ಮನವಿಯಲ್ಲಿ ಎಲ್ಲೂ ಬೇಡ. ಅದನ್ನು ಹಿಡಿದುಕೊಂಡೇ ಕಾಂಕ್ರೀಟ್, ಇಂಟರ್‌ಲಾಕ್ ಟೈಲ್ಸ್ ಬರುತ್ತವೆ. ಮಳೆನೀರಿಗೆ ಅಡ್ಡಗಾಲುವೆ, ಜಾರುವ ಕಡೆ ನಾಲ್ಕು ಕಲ್ಲಿನ ಮೆಟ್ಟಿಲು, ಇಷ್ಟನ್ನೇ ಕೇಳಿ.