ಮೂರು ಥರ್ಮೋಸ್ಟಾಟ್, ಒಂದೇ ಮಾತು: ನಮ್ಮ ಷಿಕಾಗೋ ಮನೆಯ ವೈರಿಂಗ್

ಷಿಕಾಗೋದ ಹೊರವಲಯದ ನಮ್ಮ ಮನೆಯಲ್ಲಿ ಬಿಸಿ-ತಂಪಿನ ಯಂತ್ರಗಳು ಎರಡು, ಕೋಣೆಯ ತಾಪ ನೋಡಿ ಅವನ್ನು ಓಡಿಸುವ, ನಿಲ್ಲಿಸುವ ಗೋಡೆಯ ಪೆಟ್ಟಿಗೆ, ಅಂದರೆ ಥರ್ಮೋಸ್ಟಾಟ್, ಮೂರು. ಬೇಸ್‌ಮೆಂಟಿನಲ್ಲಿ ಗಾಳಿ ಬಿಸಿಮಾಡುವ ಗ್ಯಾಸ್ ಫರ್ನೇಸ್, ಅದರ ನೆತ್ತಿಯ ಮೇಲೆ ಗಾಳಿ ತಂಪಾಗಿಸುವ ಎಸಿ ಕಾಯಿಲ್. ಅಲ್ಲಿಂದ ಹೊರಟ ಗಾಳಿಯ ಕೊಳವೆ, ಅಂದರೆ ಡಕ್ಟ್, ಎರಡಾಗಿ ಕವಲೊಡೆದು ಒಂದು ಕೆಳಮನೆಗೆ, ಇನ್ನೊಂದು ಮಹಡಿಗೆ ಹೋಗುತ್ತದೆ. ಎರಡು ಕವಲಿಗೂ ಗಾಳಿ ಬಿಡುವ, ತಡೆಯುವ ಮೋಟಾರಿನ ಬಾಗಿಲು, ಅಂದರೆ ಡ್ಯಾಂಪರ್, ಇದೆ. ಯಾವುದನ್ನು ತೆರೆಯಬೇಕು, ಯಾವುದನ್ನು ಮುಚ್ಚಬೇಕು ಎಂದು ನೋಡಿಕೊಳ್ಳುವುದು ಝೋನ್ ಪ್ಯಾನೆಲ್. ಗ್ಯಾರೇಜಿನ ಮೇಲೆ ಆಮೇಲೆ ಕಟ್ಟಿಸಿದ ಕೋಣೆಗೆ ಮಾತ್ರ ಬಿಸಿ-ತಂಪು ಎರಡೂ ಕೊಡುವ ಬೇರೆ ಹೀಟ್ ಪಂಪ್. ಊರಿಂದ ಅತ್ತೆ-ಮಾವ ಬಂದರೆ ಉಳಿಯುವುದು ಅಲ್ಲೇ.

ಮೂರು ಥರ್ಮೋಸ್ಟಾಟ್‌ಗೂ ಒಂದರ ಸುದ್ದಿ ಇನ್ನೊಂದಕ್ಕೆ ಗೊತ್ತಿರಲಿಲ್ಲ. ಷಿಕಾಗೋದ ಏಪ್ರಿಲ್ ಎಂದರೆ ಬೆಳಿಗ್ಗೆ ಜಾಕೆಟ್, ಮಧ್ಯಾಹ್ನ ಟೀಶರ್ಟ್. ಅಂಥ ದಿನ ಕೆಳಗಿನದು ಬಿಸಿ ಕೇಳಿದರೆ ಮೇಲಿನದು ತಂಪು ಕೇಳುತ್ತಿತ್ತು. ಇರುವ ಫರ್ನೇಸ್ ಒಂದೇ. ಪ್ಯಾನೆಲ್ ಪಾಪ, ಒಬ್ಬರ ಕೆಲಸ ಮುಗಿಸಿ, ಸ್ವಲ್ಪ ತಡೆದು, ಇನ್ನೊಬ್ಬರದಕ್ಕೆ ಹೊರಳುತ್ತಿತ್ತು. ಕೆಳಗೆ ಸುಟ್ಟ ಗ್ಯಾಸಿನ ಶಾಖ ಮೆಟ್ಟಿಲ ದಾರಿಯಲ್ಲಿ ಮೇಲೇರುತ್ತಿತ್ತು, ಅದನ್ನು ಇಳಿಸಲು ಎಸಿ ಕರೆಂಟು ಕುಡಿಯುತ್ತಿತ್ತು. ಎರಡರ ಬಿಲ್ಲೂ ನಮ್ಮ ತಲೆಗೇ. ಮೂರನ್ನೂ ಹೋಮ್ ಅಸಿಸ್ಟೆಂಟ್ ಎಂಬ, ಮನೆಯ ಸಾಧನಗಳನ್ನೆಲ್ಲ ಒಂದೇ ಕಡೆಯಿಂದ ನಡೆಸುವ ತಂತ್ರಾಂಶಕ್ಕೆ ಜೋಡಿಸಲು ಹೊರಟದ್ದು ಈ ಜಗಳ ಬಿಡಿಸಲಿಕ್ಕೆ, ಫೋನಿನಲ್ಲಿ ಡಿಗ್ರಿ ನೋಡುವ ಚಪಲಕ್ಕಲ್ಲ.

ಯಾವ ಥರ್ಮೋಸ್ಟಾಟ್ ಕೊಳ್ಳಬೇಕು ಎನ್ನುವಾಗ ಒಂದು ಷರತ್ತು ಹಾಕಿಕೊಂಡೆ: ಇಂಟರ್ನೆಟ್ ಸತ್ತರೂ, ಕಂಪ್ಯೂಟರ್ ಸತ್ತರೂ ಮನೆ ಬಿಸಿಯಾಗಬೇಕು. 2019ರ ಜನವರಿ 30ರಂದು ಓಹೇರ್ ವಿಮಾನ ನಿಲ್ದಾಣದಲ್ಲಿ ಮೈನಸ್ 23 ಫ್ಯಾರನ್‌ಹೀಟ್ ದಾಖಲಾಗಿತ್ತು, ನಮ್ಮ ಲೆಕ್ಕದಲ್ಲಿ ಮೈನಸ್ 31 ಸೆಲ್ಸಿಯಸ್ ಹತ್ತಿರ. ಅಂಥ ರಾತ್ರಿ ಫರ್ನೇಸ್ ನಿಂತರೆ ಗೋಡೆಯೊಳಗಿನ ನೀರಿನ ಪೈಪ್ ಒಡೆಯುತ್ತದೆ. ಕಂಪನಿಯ ಸರ್ವರ್ ನೆಚ್ಚಿಕೊಂಡ ಸಾಧನಕ್ಕೆ ಇನ್ನೊಂದು ಕಷ್ಟವೂ ಇದೆ: ಗೂಗಲ್‌ನ ಮೊದಲೆರಡು ಪೀಳಿಗೆಯ ನೆಸ್ಟ್ ಲರ್ನಿಂಗ್ ಥರ್ಮೋಸ್ಟಾಟ್‌ಗಳಿಗೆ 2025ರ ಅಕ್ಟೋಬರ್ 25ರಿಂದ ಆ್ಯಪ್ ನಿಯಂತ್ರಣ ನಿಂತಿತು, ಗೋಡೆಯ ಹತ್ತಿರ ಹೋಗಿ ತಿರುಗಿಸಿದರೆ ಮಾತ್ರ ಕೇಳುತ್ತವೆ. ಹಾಗಾಗಿ ಮನೆಯೊಳಗೇ ಮಾತಾಡಿಕೊಳ್ಳುವ ಝಡ್-ವೇವ್ ರೇಡಿಯೋ ಇರುವ ಹನಿವೆಲ್ ಟಿ6 ಪ್ರೊ ಮೂರು ತಂದೆ. ನೋಡಲು ಏನೂ ಚೆಂದವಿಲ್ಲ. ಬೇಕಾದ ಕೆಲಸ ಮಾಡುತ್ತದೆ.

ಇಲ್ಲಿಯ ಥರ್ಮೋಸ್ಟಾಟ್ ಒಳಗೊಳಗೆ ಬರೀ ಸ್ವಿಚ್ಚು. ಫರ್ನೇಸಿನ ಟ್ರಾನ್ಸ್‌ಫಾರ್ಮರ್ 120 ವೋಲ್ಟನ್ನು 24 ವೋಲ್ಟಿಗೆ ಇಳಿಸುತ್ತದೆ. ಇಳಿದದ್ದೂ ಆಲ್ಟರ್ನೇಟಿಂಗ್ ಕರೆಂಟೇ, ಮೀಟರನ್ನು ಆ ಕಡೆಗೇ ತಿರುಗಿಸಿಕೊಳ್ಳಿ. ಅದು ಆರ್ ಎಂಬ ತಂತಿಯಲ್ಲಿ ಗೋಡೆಗೆ ಬರುತ್ತದೆ. ಆರ್‌ಗೆ ಡಬ್ಲ್ಯೂ ಮುಟ್ಟಿಸಿದರೆ ಬಿಸಿ, ವೈ ಮುಟ್ಟಿಸಿದರೆ ಕಂಪ್ರೆಸರ್, ಜಿ ಮುಟ್ಟಿಸಿದರೆ ಫ್ಯಾನ್. 1953ರಲ್ಲಿ ಬಂದ ಹನಿವೆಲ್‌ನ ದುಂಡನೆಯ ಥರ್ಮೋಸ್ಟಾಟ್‌ನಂಥವಕ್ಕೆ ಇಷ್ಟೇ ಸಾಕಿತ್ತು. ಒಳಗಿನ ಪಾದರಸದ ಬುಡ್ಡಿಗೆ ಕರೆಂಟಿನ ಹಂಗಿರಲಿಲ್ಲ. ರೇಡಿಯೋ, ಪರದೆ ಇರುವ ಈಗಿನವು ಇಡೀ ದಿನ ಎಚ್ಚರವಿರಬೇಕು. ಅದಕ್ಕೆ ಕರೆಂಟು ವಾಪಸ್ ಹೋಗುವ ದಾರಿ ಬೇಕು, ಅದೇ ಸಿ ತಂತಿ. ಹಳೆಯ ಮನೆಗಳಲ್ಲಿ ಇಲ್ಲದಿರುವುದೂ ಅದೇ.

ಕೆಳಮನೆಯಲ್ಲಿ ಅದೃಷ್ಟ ಚೆನ್ನಾಗಿತ್ತು. ಹಳೆಯ ಪೆಟ್ಟಿಗೆ ಬಿಚ್ಚಿದರೆ ಹಿಂದೆ ನೀಲಿ ತಂತಿಯೊಂದು ಸುತ್ತಿಕೊಂಡು ಕೂತಿತ್ತು, ಯಾರೂ ಬಳಸಿರಲಿಲ್ಲ. ಬೇಸ್‌ಮೆಂಟಿನ ಕಡೆಯ ತುದಿ ಹುಡುಕಿ, ಒಂದು ಸೆಂಟಿಮೀಟರಿನಷ್ಟು ಸಿಪ್ಪೆ ತೆಗೆದು ಸಿ ಗೆ ಕೊಟ್ಟೆ. ಮಹಡಿಗೆ ಹೋದ ಕೇಬಲ್‌ನಲ್ಲಿ ಮಾತ್ರ ನಾಲ್ಕೇ ತಂತಿ. ಜಿ ತಂತಿಯನ್ನೇ ಸಿ ಮಾಡಿಕೊಳ್ಳುವ ಅಡ್ಡದಾರಿ ಒಂದಿದೆ, ಆದರೆ ಬರೀ ಫ್ಯಾನ್ ಓಡಿಸುವ ಅನುಕೂಲ ಹೋಗುತ್ತದೆ. ನನಗೆ ಅದು ಬೇಕಿತ್ತು. ಹಳೆಯ ಕೇಬಲ್‌ಗೆ ಹೊಸದನ್ನು ಕಟ್ಟಿ ಎಳೆಯೋಣವೆಂದರೆ ಗೋಡೆಯೊಳಗೆ ಅದಕ್ಕೆ ಸ್ಟೇಪಲ್ ಹೊಡೆದಿದ್ದಾರೆ, ಜಗ್ಗಿದರೆ ಅಲ್ಲಾಡುವುದಿಲ್ಲ. ಕೊನೆಗೆ ಒಂದರ ಮೇಲೊಂದು ಬರುವ ಎರಡು ಕ್ಲಾಸೆಟ್‌ಗಳ ಮೂಲೆಯಲ್ಲಿ ತೂತು ಕೊರೆದು ಎಂಟು ತಂತಿಯ ಹೊಸ ಕೇಬಲ್ ಏರಿಸಿದೆ. ಬೇಕಾದದ್ದು ಐದು, ಎಂಟರದ್ದಕ್ಕೂ ಐದರದ್ದಕ್ಕೂ ಬೆಲೆಯಲ್ಲಿ ದೊಡ್ಡ ಅಂತರವಿಲ್ಲ, ಮತ್ತೊಮ್ಮೆ ಗೋಡೆ ಕೊರೆಯುವ ಕಷ್ಟ ಯಾರಿಗೆ ಬೇಕು?

ಬಿಚ್ಚುವ ಮೊದಲು ಬ್ರೇಕರ್ ಇಳಿಸಿ, ಫರ್ನೇಸ್ ಪಕ್ಕದ ಸ್ವಿಚ್ಚನ್ನೂ ಆರಿಸಬೇಕು. ಇಪ್ಪತ್ನಾಲ್ಕು ವೋಲ್ಟು ಮನುಷ್ಯರನ್ನು ಏನೂ ಮಾಡದು, ಆದರೆ ಆರ್ ಮತ್ತು ಸಿ ಒಂದಕ್ಕೊಂದು ತಾಗಿದರೆ ಫರ್ನೇಸ್ ಬೋರ್ಡಿನ ಫ್ಯೂಸ್ ಹೋಗುತ್ತದೆ. ಕಾರಿನಲ್ಲಿರುವಂಥದೇ ಚಪ್ಪಟೆ ಫ್ಯೂಸ್, ಸಾಮಾನ್ಯವಾಗಿ 3 ಇಲ್ಲವೇ 5 ಆಂಪ್. ಎರಡು ಜೇಬಿನಲ್ಲಿಟ್ಟುಕೊಂಡೇ ಕೆಲಸಕ್ಕೆ ಕೂತೆ. ತಂತಿ ಬಿಚ್ಚುವಾಗ ಬಣ್ಣ ನೋಡಿ ಗುರುತಿಟ್ಟುಕೊಳ್ಳಬಾರದು, ಅದು ಯಾವ ಅಕ್ಷರದ ಸ್ಕ್ರೂಗೆ ಸೇರಿತ್ತು ಎಂದು ನೋಡಬೇಕು. ಬಿಳಿಯದೇ ಡಬ್ಲ್ಯೂ ಆಗಿರಬೇಕೆಂದು ಯಾವ ಕಾನೂನೂ ಇಲ್ಲ. ನಿಮ್ಮ ಗೋಡೆಯಲ್ಲಿ ಸಣ್ಣ ತಂತಿಗಳ ಬದಲು ಎರಡೇ ದಪ್ಪ ತಂತಿ ಕಂಡರೆ ಅಲ್ಲಿಗೇ ಮುಚ್ಚಿಬಿಡಿ. ಅದು 120 ಅಥವಾ 240 ವೋಲ್ಟಿನ, ಗೋಡೆಯ ಬುಡದಲ್ಲಿ ಕೂರುವ ಬೇಸ್‌ಬೋರ್ಡ್ ಹೀಟರಿನದು, ಅದಕ್ಕೆ ಬೇರೆಯೇ ಥರ್ಮೋಸ್ಟಾಟ್ ಬೇಕು.

ಝೋನ್ ಪ್ಯಾನೆಲ್ ಇರುವ ಮನೆಯಲ್ಲಿ ಟ್ರಾನ್ಸ್‌ಫಾರ್ಮರ್ ಎರಡು. ಫರ್ನೇಸಿನದು ಒಂದು, ಡ್ಯಾಂಪರ್ ಮೋಟಾರುಗಳಿಗೆ, ಥರ್ಮೋಸ್ಟಾಟ್‌ಗಳಿಗೆ ಕರೆಂಟು ಕೊಡುವ ಪ್ಯಾನೆಲ್‌ನದು ಇನ್ನೊಂದು. ನಮ್ಮ ಪ್ಯಾನೆಲ್‌ನದು 40 ವಿಎ (ವೋಲ್ಟ್-ಆಂಪಿಯರ್), ಅಂದರೆ 24 ವೋಲ್ಟಿಗೆ ಹೆಚ್ಚೆಂದರೆ 1.67 ಆಂಪ್. ಥರ್ಮೋಸ್ಟಾಟ್‌ನ ಆರ್ ಮತ್ತು ಸಿ ಎರಡೂ ಪ್ಯಾನೆಲ್‌ನ ಆಯಾ ಝೋನ್‌ನ ಸ್ಕ್ರೂಗಳಿಂದಲೇ ಬರಬೇಕು. ಆರ್ ಇಲ್ಲಿಂದ, ಸಿ ಫರ್ನೇಸಿನಿಂದ ಎಂದು ಬೆರಕೆ ಮಾಡಿದರೆ ಸುತ್ತು ಪೂರ್ತಿಯಾಗುವುದಿಲ್ಲ. ಪರದೆ ಹತ್ತುವುದಿಲ್ಲ, ಹತ್ತಿದರೂ ಹುಚ್ಚಾಟ ಆಡುತ್ತದೆ.

ಥರ್ಮೋಸ್ಟಾಟ್ ಕೂರಿಸುವ ಮೊದಲೇ ತಂತಿಗಳನ್ನು ಪರೀಕ್ಷಿಸಿದೆ. ಗೋಡೆಯ ಹತ್ತಿರ ಆರ್-ಸಿ ನಡುವೆ ಮೀಟರ್ ಹಿಡಿದರೆ 24ರಿಂದ 28ರೊಳಗೆ ತೋರಿಸಬೇಕು. ಆಮೇಲೆ ಕರೆಂಟು ಆರಿಸಿ, ಆರ್ ಮತ್ತು ಡಬ್ಲ್ಯೂ ತುದಿಗಳನ್ನು ಹೆಣೆದು, ಮತ್ತೆ ಹಾಕಿದೆ. ಬೇಸ್‌ಮೆಂಟಿನಲ್ಲಿ ನಿಂತು ಕೇಳಿದರೆ ಎಲ್ಲ ವರಸೆಯಾಗಿ ನಡೆಯುತ್ತದೆ: ಮೊದಲು ಡ್ಯಾಂಪರ್ ಗುಂಯ್ ಎಂದು ಹೊರಳುವುದು, ಹೊಗೆ ಎಳೆಯುವ ಸಣ್ಣ ಫ್ಯಾನ್ ಸದ್ದು, ಕಿಂಡಿಯಲ್ಲಿ ಇಗ್ನೈಟರ್ ಕೆಂಪಗಾಗುವುದು, ಭುಸ್ಸೆಂದು ನೀಲಿ ಜ್ವಾಲೆ, ಅರ್ಧ ನಿಮಿಷ ಕಳೆದು ದೊಡ್ಡ ಬ್ಲೋವರ್. ಇಷ್ಟಾದರೆ ಗೋಡೆಯೊಳಗೆ ತೊಂದರೆ ಇಲ್ಲ. ಇನ್ನೇನು ಎಡವಟ್ಟಾದರೂ ಅದು ಪೆಟ್ಟಿಗೆಯದೋ ಸೆಟ್ಟಿಂಗ್‌ನದೋ ಆಗಿರುತ್ತದೆ. ಎಸಿಯನ್ನು ಪರೀಕ್ಷಿಸುವಾಗ ತಾಳ್ಮೆ ಇರಲಿ. ಕಂಪ್ರೆಸರ್ ಒಮ್ಮೆ ನಿಂತರೆ ಐದು ನಿಮಿಷ ಮತ್ತೆ ಏಳದಂತೆ ತಡೆ ಇಟ್ಟಿರುತ್ತಾರೆ.

ಪೆಟ್ಟಿಗೆ ಕೂರಿಸುವ ಮೊದಲು ಇನ್ನೊಂದು ಚಿಲ್ಲರೆ ಕೆಲಸ. ತಂತಿ ಹೊರಬರುವ ತೂತಿಗೆ ಪುಟ್ಟಿ ಮೆತ್ತಬೇಕು. ಚಳಿಗಾಲದಲ್ಲಿ ಗೋಡೆಯೊಳಗಿನ ತಣ್ಣನೆ ಗಾಳಿ ಆ ತೂತಿನಿಂದ ನೇರ ಸೆನ್ಸರಿನ ಬೆನ್ನಿಗೆ ಬೀಸುತ್ತದೆ. ಮಹಡಿಯ ಥರ್ಮೋಸ್ಟಾಟ್ ಯಾವಾಗಲೂ ಕಡಿಮೆ ತೋರಿಸುತ್ತಿದ್ದುದರ ಗುಟ್ಟು ಇದೇ ಆಗಿತ್ತು. ಟಿ6ನ ಹಿಂಬದಿಯ ತಟ್ಟೆಯಲ್ಲಿ ಪುಟ್ಟ ಸ್ಲೈಡರ್ ಒಂದಿದೆ. ಆರ್ ತಂತಿ ಒಂದೇ ಇದ್ದರೆ ಮೇಲೆ, ಬಿಸಿಗೊಂದು ತಂಪಿಗೊಂದು ಎಂದು ಎರಡಿದ್ದರೆ ಕೆಳಗೆ. ನಮ್ಮಲ್ಲಿ ಮೂರೂ ಮೇಲೆ.

ಗ್ಯಾರೇಜ್ ಕೋಣೆಯ ಹೀಟ್ ಪಂಪ್ ಬೇರೆ ಜಾತಿ. ಅದಕ್ಕೆ ಡಬ್ಲ್ಯೂ ಇಲ್ಲ. ಬಿಸಿಗೂ ತಂಪಿಗೂ ಅದೇ ಕಂಪ್ರೆಸರ್, ದಿಕ್ಕು ಬದಲಿಸುವುದು ಓ/ಬಿ ತಂತಿಗೆ ಸೇರಿದ ವಾಲ್ವ್. ಹೆಚ್ಚಿನ ಕಂಪನಿಗಳು ತಂಪಿಗೆ ಆ ವಾಲ್ವಿಗೆ ಕರೆಂಟು ಕೊಡುತ್ತವೆ, ರೀಮ್‌ನಂಥವು ಬಿಸಿಗೆ. ಸೆಟ್ಟಿಂಗ್ ತಿರುಗುಮುರುಗಾದರೆ ಬಿಸಿ ಕೇಳಿದಾಗ ತಣ್ಣನೆ ಗಾಳಿ ಬರುತ್ತದೆ, ಅದನ್ನು ಕಂಡುಹಿಡಿಯಲು ಹತ್ತು ನಿಮಿಷ ಕೈ ಒಡ್ಡಿ ನಿಂತರೆ ಸಾಕು. ಅಟ್ಟದಲ್ಲಿರುವ ಅದರ ಗಾಳಿ ಬೀಸುವ ಪೆಟ್ಟಿಗೆಯ (ಏರ್ ಹ್ಯಾಂಡ್ಲರ್) ನೀರಿನ ತಟ್ಟೆಗೆ, ನೀರು ಏರಿದರೆ ಕರೆಂಟು ಕಡಿಯುವ ಫ್ಲೋಟ್ ಸ್ವಿಚ್ ಇದ್ದು, ಅದನ್ನು ಆರ್ ತಂತಿಗೇ ಕೊಟ್ಟಿದ್ದಾರೆ. ಪೈಪ್ ಕಟ್ಟಿಕೊಂಡು ತಟ್ಟೆ ತುಂಬಿದರೆ ಥರ್ಮೋಸ್ಟಾಟ್‌ನ ಕರೆಂಟೇ ಹೋಗುತ್ತದೆ. ಹಾಗಾಗಿ ಬೇಸಿಗೆಯಲ್ಲಿ ಆ ಕೋಣೆಯ ಪರದೆ ಕಪ್ಪಾದರೆ ನಾನು ನೋಡುವುದು ಅಟ್ಟದ ತಟ್ಟೆಯನ್ನು.

ಝಡ್-ವೇವ್ ಸೇರಿಸುವಾಗ ಕ್ರಮ ಮುಖ್ಯ. ಟಿ6 ಬ್ಯಾಟರಿಯಲ್ಲೂ ಓಡುತ್ತದೆ, ಸಿ ತಂತಿಯಲ್ಲೂ ಓಡುತ್ತದೆ. ಸಿ ಇರುವಾಗ ಸೇರಿಸಿದರೆ ಮಾತ್ರ ಅಕ್ಕಪಕ್ಕದ ಸಾಧನಗಳ ಸಂದೇಶವನ್ನೂ ದಾಟಿಸುತ್ತದೆ. ಬ್ಯಾಟರಿಯಲ್ಲಿ ಸೇರಿಸಿ ಆಮೇಲೆ ಸಿ ಕೊಟ್ಟರೆ ಬ್ಯಾಟರಿ ಸಾಧನವಾಗಿಯೇ ಉಳಿಯುತ್ತದೆ, ನೆಟ್‌ವರ್ಕ್‌ನಿಂದ ತೆಗೆದು ಮತ್ತೆ ಸೇರಿಸಬೇಕು. ಅದಕ್ಕೇ ವೈರಿಂಗ್ ಪೂರ್ತಿ ಮುಗಿಸಿ, ಪ್ರತಿಯೊಂದನ್ನೂ ಅದರದರ ಗೋಡೆಯ ಮೇಲೇ ಇಟ್ಟು ಸೇರಿಸಿದೆ. ಹೋಮ್ ಅಸಿಸ್ಟೆಂಟ್ ಓಡುವ ಪುಟ್ಟ ಕಂಪ್ಯೂಟರ್, ಯುಎಸ್‌ಬಿ ರೇಡಿಯೋ ಇರುವ ರಾಸ್ಪ್‌ಬೆರಿ ಪೈಯನ್ನು ಬೇಸ್‌ಮೆಂಟಿನಲ್ಲಿ ಇಡಲಿಲ್ಲ. ಅಲ್ಲಿ ಎತ್ತ ನೋಡಿದರೂ ತಗಡಿನ ಡಕ್ಟ್, ಸಿಗ್ನಲ್‌ಗೆ ಅದಕ್ಕಿಂತ ದೊಡ್ಡ ಶತ್ರು ಇಲ್ಲ. ಕೆಳಮನೆಯ ಪುಸ್ತಕದ ಕಪಾಟಿನ ಮೇಲೆ, ಉದ್ದನೆ ಯುಎಸ್‌ಬಿ ಕೇಬಲ್‌ನ ತುದಿಯಲ್ಲಿ ರೇಡಿಯೋ ಕೂತಿದೆ.

ಇನ್ನು ಬುದ್ಧಿ ತುಂಬುವ ಕೆಲಸ. ಫರ್ನೇಸನ್ನು ಹಚ್ಚುವ, ಆರಿಸುವ ತೀರ್ಮಾನವನ್ನು ಕಂಪ್ಯೂಟರಿಗೆ ಬಿಡಲಿಲ್ಲ, ಅದು ಥರ್ಮೋಸ್ಟಾಟ್‌ನದೇ. ಹೋಮ್ ಅಸಿಸ್ಟೆಂಟ್ ಹೇಳುವುದು ಎರಡೇ: ಈಗ ಯಾವ ಕಾಲ, ಎಷ್ಟು ಡಿಗ್ರಿ. ಪೈ ಸತ್ತುಹೋದರೆ ಕೊನೆಗೆ ಹೇಳಿದ ಡಿಗ್ರಿಯಲ್ಲೇ ಮನೆ ನಡೆಯುತ್ತದೆ. ‘ಋತು’ ಎಂಬ ಡ್ರಾಪ್‌ಡೌನ್ ಹೆಲ್ಪರ್ ಮಾಡಿ, ಅದಕ್ಕೆ ಚಳಿ, ಬೇಸಿಗೆ, ನಡುಗಾಲ ಎಂದು ಮೂರು ಆಯ್ಕೆ ಕೊಟ್ಟೆ. ಹೊರಗಿನ ತಾಪಮಾನದ 24 ಗಂಟೆಯ ಸರಾಸರಿ 55 ಫ್ಯಾರನ್‌ಹೀಟ್‌ಗಿಂತ ಇಳಿದರೆ ಚಳಿ, 68 ದಾಟಿದರೆ ಬೇಸಿಗೆ. ಮೂರು ಥರ್ಮೋಸ್ಟಾಟ್‌ಗಳ ಮೋಡ್ ಬದಲಾಗುವುದು ಇದೊಂದರಿಂದಲೇ. ಚಳಿ ಎಂದರೆ ಮೂರೂ ಹೀಟ್, ಬೇಸಿಗೆ ಎಂದರೆ ಮೂರೂ ಕೂಲ್. ನಡುಗಾಲದಲ್ಲಿ ಮೂರೂ ಹೀಟ್‌ನಲ್ಲೇ ಇರುತ್ತವೆ, ಆದರೆ 62ಕ್ಕೆ ಇಳಿಯುವ ತನಕ ಯಾರೂ ಏಳುವುದಿಲ್ಲ. ಸೆಕೆಯಾದರೆ ಕಿಟಕಿ ಇದೆಯಲ್ಲ. ಬಿಸಿಯೋ ತಂಪೋ ಎಂದು ಥರ್ಮೋಸ್ಟಾಟ್ ತಾನೇ ತೀರ್ಮಾನಿಸುವ ಆಟೋ ಮೋಡ್ ಬಳಸಲೇ ಇಲ್ಲ. ಏಪ್ರಿಲ್ ಜಗಳ ಅಲ್ಲಿಗೆ ಮುಗಿಯಿತು.

ಥರ್ಮೋಸ್ಟಾಟ್‌ಗಳ ಒಳಗಿನ ವೇಳಾಪಟ್ಟಿ ನಿಲ್ಲಿಸಿಬಿಟ್ಟೆ, ಒಂದು ಮನೆಗೆ ಇಬ್ಬರು ಯಜಮಾನರು ಬೇಡ. ಕಂಪ್ಯೂಟರೂ ಡಿಗ್ರಿ ಬರೆಯುವುದು ಬೆಳಿಗ್ಗೆ ಏಳುವ ಹೊತ್ತು, ಎಲ್ಲರೂ ಹೊರಗೆ ಹೋದಾಗ, ರಾತ್ರಿ ಮಲಗುವಾಗ, ಅಷ್ಟೇ. ಐದೈದು ನಿಮಿಷಕ್ಕೆ ತಿದ್ದುವ ಆಟೋಮೇಷನ್‌ಗಳನ್ನು ನೋಡಿದ್ದೇನೆ. ಅಂಥ ಮನೆಯಲ್ಲಿ ಗೋಡೆಯ ಗುಂಡಿ ಒತ್ತುವುದಕ್ಕೆ ಅರ್ಥವೇ ಇರುವುದಿಲ್ಲ. ನಮ್ಮತ್ತೆಯವರು ಬಂದ ಹೊಸದರಲ್ಲಿ, “ಅಳಿಯಂದ್ರೇ, ಈ ಡಬ್ಬಿ ನಾನು ಮುಟ್ಟಬಹುದಾ, ಅಥವಾ ಅದೂ ಕಂಪ್ಯೂಟರನ್ನೇ ಕೇಳಬೇಕಾ?” ಅಂದರು. “ಮುಟ್ಟಿ ಅತ್ತೆ, ನೀವು ಒತ್ತಿದ್ದೇ ಕೊನೆ ಮಾತು” ಅಂದೆ. ಅವರು 77ಕ್ಕೆ ಏರಿಸಿದರು. ನೇರ 25 ಸೆಲ್ಸಿಯಸ್, ಊರಿನ ಹವೆ. ಆ ಕೋಣೆಗೆ ರಾತ್ರಿಯ ಇಳಿಕೆಯನ್ನೂ ತೆಗೆದುಹಾಕಿದೆ.

ತೆಗೆದದ್ದು ಮುಲಾಜಿಗಲ್ಲ. ಗ್ಯಾಸ್ ಫರ್ನೇಸ್ ಇರುವ ಕಡೆ ರಾತ್ರಿ ಆರೇಳು ಡಿಗ್ರಿ ಇಳಿಸಿ ಬೆಳಿಗ್ಗೆ ಏರಿಸಿದರೆ ಉಳಿತಾಯ ನಿಜ. ಹೀಟ್ ಪಂಪ್‌ಗೆ ಅದೇ ಲೆಕ್ಕ ನಡೆಯದು. ಬೆಳಿಗ್ಗೆ ಒಮ್ಮೆಗೇ ಏರಿಸಿದರೆ ಅಷ್ಟು ದೂರ ಕ್ರಮಿಸಲು ಪಂಪ್‌ಗೆ ಹೊತ್ತು ಬೇಕು. ಥರ್ಮೋಸ್ಟಾಟ್ ಕಾಯದೆ ಆಕ್ಸ್ ಎಂಬ ಕರೆಂಟ್ ಕಾಯಿಲ್ ಹಚ್ಚುತ್ತದೆ. ಪಂಪ್ ಒಂದು ಯೂನಿಟ್ ಕರೆಂಟಿಗೆ ಎರಡು-ಮೂರು ಯೂನಿಟ್ ಶಾಖ ತರುತ್ತದೆ, ಕಾಯಿಲ್ ಒಂದಕ್ಕೆ ಒಂದೇ. ರಾತ್ರಿ ಉಳಿಸಿದ್ದು ಬೆಳಗಿನ ಕಾಫಿಯ ಹೊತ್ತಿಗೆ ಕರಗಿರುತ್ತದೆ. ಯಾರೂ ಇಲ್ಲದಾಗ ಆ ಕೋಣೆಯನ್ನು 62ರಲ್ಲಿ ಬಿಡುತ್ತೇನೆ, ಅತಿಥಿ ಬರುವ ಹಿಂದಿನ ದಿನ ಗಂಟೆಗೊಂದು ಡಿಗ್ರಿಯಂತೆ ಏರಿಸುವ ಆಟೋಮೇಷನ್ ಬರೆದಿದ್ದೇನೆ. ಎಷ್ಟು ಡಿಗ್ರಿ ಹಿಂದೆ ಬಿದ್ದರೆ ಆಕ್ಸ್ ಹಚ್ಚಬೇಕು ಎಂಬ ಸೆಟ್ಟಿಂಗ್ ಥರ್ಮೋಸ್ಟಾಟ್‌ನಲ್ಲೇ ಇದೆ. ಅದನ್ನು ಎರಡು ಡಿಗ್ರಿಗೆ ಇಟ್ಟೆ.

ಒಂದು ಎಚ್ಚರಿಕೆ ಗಂಟೆಯೂ ಇದೆ: ಚಳಿಗಾಲದಲ್ಲಿ ಮೂರರಲ್ಲಿ ಯಾವುದಾದರೂ 55ಕ್ಕಿಂತ ಇಳಿದರೆ, ಅಥವಾ ಒಂದು ಗಂಟೆ ಸುದ್ದಿಯೇ ಕಳಿಸದಿದ್ದರೆ, ನಮ್ಮಿಬ್ಬರ ಫೋನೂ ಕೂಗುತ್ತದೆ. ಪ್ಯಾನೆಲ್‌ನ ಮುಚ್ಚಳದ ಒಳಬದಿಗೆ ಯಾವ ತಂತಿ ಎಲ್ಲಿ ಎಂಬ ಚೀಟಿ ಅಂಟಿಸಿದ್ದೇನೆ, ನಾಳೆ ರಿಪೇರಿಗೆ ಬರುವವನು ನನ್ನನ್ನು ಬೈಯದಿರಲಿ ಎಂದು. ಇನ್ನೂ ಆಗಬೇಕಾದದ್ದು ಫ್ಯಾನಿನ ಕೆಲಸ. ಬೇಸಿಗೆಯ ಸಂಜೆ ಕೆಳಮನೆ ತಂಪಾಗಿದ್ದು ಮಹಡಿ ಕಾದಿರುವಾಗ, ಕಂಪ್ರೆಸರ್ ಏಳುವ ಮೊದಲು ಬರೀ ಜಿ ಕರೆ ಕೊಟ್ಟು ಗಾಳಿ ಬೆರೆಸಿದರೆ ಎಷ್ಟು ಇಳಿಯುತ್ತದೆ ನೋಡಬೇಕು. ಜಿ ತಂತಿ ಬಿಟ್ಟುಕೊಡದೆ ಕ್ಲಾಸೆಟ್ ಕೊರೆದದ್ದು ಇದಕ್ಕೇ.